ಒಂದು ಹನಿ ರಕ್ತ, ಒಂದು ಚಿಪ್, ಕ್ಯಾನ್ಸರ್ ಪತ್ತೆ: ಎಷ್ಟು ನಿಜ? ನಮ್ಮ ಜಿಲ್ಲೆಗೆ ಎಷ್ಟು ಉಪಯೋಗ?

ಕುಮಟಾ ಮಾಸ್ತರು

ಎಲ್ಲರಿಗೂ ನಮಸ್ಕಾರ. ನಮ್ಮ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂದಿದೆ. ಉಗುರಿನಷ್ಟು ಅಗಲದ ಚಿಪ್. ಅದರ ಮೇಲೆ ಆಂಟಿಬಾಡಿ ಕೂರಿಸಿರುತ್ತಾರಂತೆ. ಒಂದು ಹನಿ ರಕ್ತ ಹಾಕಿದರೆ, ಗಂಟು ಕಾಣುವ ಮೊದಲೇ ಕ್ಯಾನ್ಸರ್ ಇದೆಯೋ ಇಲ್ಲವೋ ಮೊಬೈಲಿನಲ್ಲಿ ತೋರಿಸುತ್ತದಂತೆ. ನಾನು ಕಲಿಸಿದ್ದು ಗಣಿತ, ಇದೆಲ್ಲ ನನಗೆ ಅಷ್ಟಕ್ಕಷ್ಟೇ. ತಿಳಿದವರು ಹೇಳಿ.

ಕೇಳಲಿಕ್ಕೆ ಕಾರಣ ಇದೆ. ನನ್ನ ಹೆಂಡತಿಯ ತಂಗಿಗೆ ಅಂಡಾಶಯದ ಕ್ಯಾನ್ಸರ್ ಆಗಿ ಆಪರೇಷನ್, ಕಿಮೋ ಎರಡೂ ಮುಗಿದಿವೆ. ಈಗ ಮೂರು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಿ ಸಿಎ-125 ಅನ್ನುವ ರಕ್ತ ಪರೀಕ್ಷೆ ಮಾಡಿಸಬೇಕು. ಒಂದು ಟ್ಯೂಬ್ ರಕ್ತ ಕೊಡಲಿಕ್ಕೆ ಇಡೀ ದಿನ ಹೋಗುತ್ತದೆ. ಅಂಥ ಚಿಪ್ ಇಲ್ಲೇ ತಾಲೂಕು ಆಸ್ಪತ್ರೆಗೆ ಬಂದರೆ ಎಷ್ಟು ಅನುಕೂಲ ಅಲ್ವಾ?

ಇನ್ನೊಂದು ವಿಷಯ. ಮುಂದಿನ ಭಾನುವಾರ ಇಲ್ಲೇ ಹತ್ತಿರ ಒಂದು ಶಿಬಿರ ಇದೆ. ‘ಕ್ಯಾನ್ಸರ್ ಮಾರ್ಕರ್ ಪ್ಯಾಕೇಜ್’ ಅಂತ ಪಾಂಪ್ಲೆಟ್ ಹಂಚಿದ್ದಾರೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ತಂಗಿಗೆ ಬಂದದ್ದು ತನಗೂ ಬಂದೀತು ಅಂತ ನನ್ನ ಹೆಂಡತಿ ಹೆದರಿ ಹೆಸರು ಬರೆಸಿಯೂ ಆಗಿದೆ. ಹೋಗುವುದೋ ಬಿಡುವುದೋ?

ಶಿರಸಿ ಸರ್ಕ್ಯೂಟ್

ಮಾಸ್ತರೇ, ನಾನು ಶಿರಸಿ ಹುಡುಗ. ಬೆಂಗಳೂರಿನಲ್ಲಿ ಇಂಥದ್ದೇ ಸೆನ್ಸರ್ ಮೇಲೆ ಪಿಎಚ್‌ಡಿ ಮಾಡುತ್ತಾ ಇದ್ದೇನೆ. ವಿಡಿಯೋದಲ್ಲಿ ಅರ್ಧ ನಿಜ, ಅರ್ಧ ಆಸೆ. ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆಂಟಿಬಾಡಿ ಅಂದರೆ ನಮ್ಮ ಮೈ ರೋಗಾಣುವನ್ನು ಹಿಡಿಯಲಿಕ್ಕೆ ಮಾಡಿಕೊಳ್ಳುವ ಪ್ರೋಟೀನು. ಒಂದೊಂದು ಆಂಟಿಬಾಡಿಗೂ ಒಂದೊಂದೇ ಗುರಿ. ಬೇಕಾದ ಗುರಿಗೆ ಒಂದೇ ಥರದ ಆಂಟಿಬಾಡಿಯನ್ನು ಎಷ್ಟು ಬೇಕೋ ಅಷ್ಟು ಬೆಳೆಸುವ ದಾರಿಯನ್ನು ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಇಲಿಯ ಜೀವಕೋಶ ಬಳಸಿ ತೋರಿಸಿದರು. 1984ರಲ್ಲಿ ಅದಕ್ಕೆ ನೊಬೆಲ್ ಬಂತು. ಸಿಎ-125 ಪರೀಕ್ಷೆ ಹುಟ್ಟಿದ್ದೂ ಅಂಥ ಒಂದು ಆಂಟಿಬಾಡಿಯಿಂದಲೇ. ಮೆಡಿಕಲ್ ಶಾಪಿನಲ್ಲಿ ಸಿಗುವ ಪ್ರೆಗ್ನೆನ್ಸಿ ಕಾರ್ಡಿನ ಗೆರೆ ಕೂಡ ಆಂಟಿಬಾಡಿಯದ್ದೇ ಕೆಲಸ.

ಆಂಟಿಬಾಡಿ ತನ್ನ ಗುರಿಯನ್ನು ಹಿಡಿಯಿತು ಅಂತ ನಮಗೆ ಗೊತ್ತಾಗುವುದು ಹೇಗೆ? ಹಳೇ ದಾರಿ ಎಲೈಸಾ, 1971ರದ್ದು. ಮೊದಲ ಆಂಟಿಬಾಡಿ ಹಿಡಿದ ಗುರಿಗೇ ಬಂದು ಅಂಟುವ ಎರಡನೇ ಆಂಟಿಬಾಡಿಗೆ ಒಂದು ಕಿಣ್ವ ಜೋಡಿಸುತ್ತಾರೆ, ಅದು ಬಣ್ಣ ಬರಿಸುತ್ತದೆ, ಬಣ್ಣ ಎಷ್ಟು ದಟ್ಟ ಅಂತ ಅಳೆಯುತ್ತಾರೆ. ಎಲೆಕ್ಟ್ರಾನಿಕ್ ಸೆನ್ಸರ್‌ನಲ್ಲಿ ಬಣ್ಣದ ಬದಲು ಕರೆಂಟು. ಕೆಲವದರಲ್ಲಿ ಕಿಣ್ವ ಇದ್ದೇ ಇರುತ್ತದೆ, ಬಣ್ಣದ ಬದಲು ಎಲೆಕ್ಟ್ರೋಡಿಗೆ ಎಲೆಕ್ಟ್ರಾನ್ ಕೊಡುವ ವಸ್ತುವನ್ನು ಮಾಡುತ್ತದೆ. ಇನ್ನು ಕೆಲವದರಲ್ಲಿ ಎರಡನೇ ಆಂಟಿಬಾಡಿಯೇ ಇಲ್ಲ. ಮಾರ್ಕರ್, ಅಂದರೆ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಪ್ರೋಟೀನು, ಬಂದು ಕೂತಾಗ ಚಿಪ್ಪಿನ ಮೇಲ್ಮೈಯಲ್ಲಿ ವಿದ್ಯುತ್ತಿಗೆ ಆಗುವ ಅಡ್ಡಿಯನ್ನೋ, ವಿದ್ಯುದಂಶದ ಬದಲಾವಣೆಯನ್ನೋ ನೇರವಾಗಿ ಅಳೆಯುತ್ತೇವೆ. ಟ್ರಾನ್ಸಿಸ್ಟರ್ ಬಳಸಿ ದ್ರವದೊಳಗೆ ಹೀಗೆ ಅಳೆಯಬಹುದು ಅಂತ ತೋರಿಸಿದ್ದು ನೆದರ್ಲೆಂಡ್ಸಿನ ಪೀಟ್ ಬರ್ಗ್‌ವೆಲ್ಡ್, 1970ರಲ್ಲಿ. 2005ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಲೀಬರ್ ತಂಡ ಕೂದಲಿಗಿಂತ ಎಷ್ಟೋ ತೆಳ್ಳಗಿನ ಸಿಲಿಕಾನ್ ತಂತಿಗಳ ಮೇಲೆ ಆಂಟಿಬಾಡಿ ಕೂರಿಸಿ, ಪಿಎಸ್‌ಎ, ಸಿಇಎ (ಮೊದಲನೆಯದು ಪ್ರಾಸ್ಟೇಟ್ ಕ್ಯಾನ್ಸರಿಗೆ, ಎರಡನೆಯದು ಕರುಳಿನದ್ದಕ್ಕೆ ನೋಡುವುದು) ಥರದ ಹಲವು ಕ್ಯಾನ್ಸರ್ ಮಾರ್ಕರ್‌ಗಳನ್ನು ಒಟ್ಟಿಗೇ ಹಿಡಿದು ತೋರಿಸಿತು. ಅಲ್ಲಿಂದ ಈಚೆಗೆ ಈ ವಿಷಯದ ಮೇಲೆ ಪೇಪರ್‌ಗಳ ಮಳೆ. ಆಸ್ಪತ್ರೆಯ ಮೇಜಿನ ಮೇಲೆ ಬಂದು ಕೂತದ್ದು ಮಾತ್ರ ಬೆರಳೆಣಿಕೆಯಷ್ಟು.

ಕಾಳಿ ದಂಡೆ

ಕಾರವಾರದಿಂದ. ನನ್ನ ಕೆಲಸ ಎಲೆಕ್ಟ್ರಾನಿಕ್ಸ್ ರಿಪೇರಿ. ನನಗೆ ಅರ್ಥ ಆಗದ್ದು ಒಂದೇ. ಶುಗರ್ ನೋಡುವ ಗ್ಲುಕೋಮೀಟರ್ ಪ್ರತಿ ಮನೆಯಲ್ಲೂ ಇದೆ. ಅದೂ ಒಂದು ಹನಿ ರಕ್ತ, ಅದೂ ಕರೆಂಟು ಅಳೆಯುವುದೇ. ಅದು ಆಗುತ್ತದೆ ಅಂದ ಮೇಲೆ ಇದು ಯಾಕೆ ಆಗುವುದಿಲ್ಲ? ದೊಡ್ಡ ಕಂಪನಿಗಳು ಬೇಕಂತಲೇ ತಡೆಯುತ್ತಿವೆ ಅಂತ ನನ್ನ ಗುಮಾನಿ.

ಶಿರಸಿ ಸರ್ಕ್ಯೂಟ್

ಗುಮಾನಿ ಬೇಡ ಅಣ್ಣಾ, ಲೆಕ್ಕ ನೋಡಿ. ಮಾಸ್ತರಿಗೂ ಖುಷಿ ಆದೀತು.

ಊಟಕ್ಕೆ ಮುಂಚೆ ರಕ್ತದಲ್ಲಿ ಸಕ್ಕರೆ ಲೀಟರಿಗೆ ಸುಮಾರು 5 ಮಿಲಿಮೋಲ್. ಪ್ರಾಸ್ಟೇಟ್ ಮಾರ್ಕರ್ ಪಿಎಸ್‌ಎಗೆ ಬಹಳ ಕಾಲದಿಂದ ಇಟ್ಟುಕೊಂಡ ಗಡಿ ಮಿಲಿಲೀಟರಿಗೆ 4 ನ್ಯಾನೋಗ್ರಾಮ್. ಅದನ್ನೂ ಮೋಲ್ ಲೆಕ್ಕಕ್ಕೆ ತಂದರೆ ಸಕ್ಕರೆಗಿಂತ ಸುಮಾರು 4 ಕೋಟಿ ಪಟ್ಟು ಕಡಿಮೆ. ಅದೇ ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನು ಲೀಟರಿಗೆ 40 ಗ್ರಾಮ್ ಆಸುಪಾಸು ತೇಲುತ್ತಿರುತ್ತದೆ. ತೂಕದಲ್ಲಿ ಪಿಎಸ್‌ಎಯ 1 ಕೋಟಿ ಪಟ್ಟು. ನಮಗೆ ಬೇಕಾದ ಒಂದು ಗ್ರಾಮಿಗೆ ಬೇಡದ್ದು ಹತ್ತು ಟನ್. ಆ ಬೇಡದ್ದರಲ್ಲಿ ಒಂದು ಚೂರು ಚಿಪ್ಪಿಗೆ ಅಂಟಿದರೂ ಸಿಗ್ನಲ್ ಅದರದ್ದೇ ಆಗುತ್ತದೆ.

ಗ್ಲುಕೋಮೀಟರ್‌ಗೆ ಇನ್ನೊಂದು ಅನುಕೂಲ ಇದೆ. ಅದರಲ್ಲಿ ಆಂಟಿಬಾಡಿ ಇಲ್ಲ, ಕಿಣ್ವ ಇದೆ. ಕಿಣ್ವ ಸಕ್ಕರೆಯ ಒಂದು ಕಣ ಮುಗಿಸಿ ಇನ್ನೊಂದನ್ನು ಹಿಡಿಯುತ್ತದೆ, ಕರೆಂಟು ಬರುತ್ತಲೇ ಇರುತ್ತದೆ. ಆಂಟಿಬಾಡಿ ಹಿಡಿದರೆ ಹಿಡಿದೇ ಕೂರುತ್ತದೆ. ಅದರಿಂದ ತಾನಾಗಿ ಯಾವ ಕರೆಂಟೂ ಹುಟ್ಟುವುದಿಲ್ಲ.

ಟ್ರಾನ್ಸಿಸ್ಟರ್ ಚಿಪ್ಪಿನ ಕಷ್ಟ ಇನ್ನೂ ಒಂದು ಕೈ ಮೇಲೆ. ರಕ್ತದಲ್ಲಿ ಉಪ್ಪು ಜಾಸ್ತಿ. ಉಪ್ಪಿನ ಅಯಾನುಗಳು ಯಾವ ವಿದ್ಯುದಂಶ ಕಂಡರೂ ಸುತ್ತುವರಿದು ಮುಚ್ಚಿಬಿಡುತ್ತವೆ. ಚಿಪ್ಪಿಗೆ ಕಾಣುವುದು ಮೇಲ್ಮೈಯಿಂದ ಒಂದು ನ್ಯಾನೋಮೀಟರ್‌ಗೂ ಕಡಿಮೆ ದೂರ, ಸುಮಾರು 0.7. ಆಂಟಿಬಾಡಿಯೇ ಸುಮಾರು 10 ನ್ಯಾನೋಮೀಟರ್ ಎತ್ತರ. ಮಾರ್ಕರ್ ಬಂದು ಕೂರುವುದು ಅದರ ತುದಿಗೆ. ಶ್ರಾವಣದಲ್ಲಿ ದೇವಿಮನೆ ಘಟ್ಟ ಹತ್ತಿದವರಿಗೆ ಗೊತ್ತು, ಎದುರಿಗೆ ಲಾರಿ ಇದ್ದರೂ ಮಂಜಿನಲ್ಲಿ ಬಾನೆಟ್ಟಿನಿಂದ ಆಚೆ ಏನೂ ಕಾಣುವುದಿಲ್ಲ. ಹಾಗೆಯೇ ಇದು.

ರಕ್ತವನ್ನು ನೀರಾಗಿಸಿದರೆ ಮಂಜು ಸ್ವಲ್ಪ ಸರಿಯುತ್ತದೆ, 100 ಪಟ್ಟು ತೆಳು ಮಾಡಿದರೆ 7 ನ್ಯಾನೋಮೀಟರ್ ತನಕ ಕಾಣುತ್ತದೆ. ಆದರೆ ಮಾರ್ಕರ್ ಕೂಡ 100 ಪಟ್ಟು ಕಡಿಮೆ ಆಯಿತಲ್ಲ! ಅದಕ್ಕೇ ಆಂಟಿಬಾಡಿಯ ಕಾಲು ಕತ್ತರಿಸಿ ಹಿಡಿಯುವ ತುದಿಯನ್ನಷ್ಟೇ ಕೂರಿಸುವುದು, ಗ್ರ್ಯಾಫೀನ್ ಅನ್ನುವ ಇಂಗಾಲದ ತೆಳು ಹಾಳೆಯ ಮೇಲೆ ವಿಶೇಷ ಪಾಲಿಮರ್ ಬಳಿಯುವುದು, ಹೀಗೆ ಏನೇನೋ ಸರ್ಕಸ್ಸು ನಡೆದಿದೆ. ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಲ್ಯಾಬಿನಲ್ಲಿ.

ತೋಟದ ಕಡೆಯವ

ತಮ್ಮಾ, ಸಿದ್ದಾಪುರದವರಿಗೆ ಎಲೈಸಾ ಹೊಸದಲ್ಲ. ಮಂಗನ ಕಾಯಿಲೆ ಸೀಸನ್ ಬಂತು ಅಂದರೆ ರಕ್ತ ಶಿವಮೊಗ್ಗಕ್ಕೆ ಹೋಗುವುದು, ವರದಿ ಕಾಯುವುದು, ಎಲ್ಲ ನೋಡಿದ್ದೇವೆ. ಆದರೆ ‘ಲ್ಯಾಬಿನಲ್ಲಿ’ ಅಂತ ಕೊನೆಗೆ ಒಂದು ಕೊಕ್ಕೆ ಇಟ್ಟೆಯಲ್ಲ, ಅದನ್ನು ಬಿಡಿಸಿ ಹೇಳು. ಲ್ಯಾಬಿನಲ್ಲಿ ಆಗುವುದು ಹೊರಗೆ ಯಾಕೆ ಆಗುವುದಿಲ್ಲ?

ಅಂದಹಾಗೆ ಅಮೆರಿಕದಲ್ಲಿ ಒಬ್ಬಳು ಒಂದು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇನೆ ಅಂತ ಕಂಪನಿ ಕಟ್ಟಿ ಜೈಲಿಗೆ ಹೋದಳಲ್ಲ, ಅವಳದ್ದೂ ಇದೇ ಚಿಪ್ಪಾ?

ಶಿರಸಿ ಸರ್ಕ್ಯೂಟ್

ಅದು ಥೆರಾನೋಸ್. 2003ರಲ್ಲಿ ಶುರು, 2015ರಲ್ಲಿ ಪತ್ರಿಕೆಯವರು ಬಯಲು ಮಾಡಿದರು, 2022ರಲ್ಲಿ ಎಲಿಜಬೆತ್ ಹೋಮ್ಸ್‌ಗೆ 11 ವರ್ಷ ಮೀರಿದ ಶಿಕ್ಷೆ ಆಯಿತು. ಅದು ಈ ಚಿಪ್ ಅಲ್ಲ. ಅವರ ಪೆಟ್ಟಿಗೆ ಹೇಳಿದ ಕೆಲಸ ಮಾಡುತ್ತಿರಲಿಲ್ಲ, ಬಹಳಷ್ಟು ಪರೀಕ್ಷೆಯನ್ನು ಬೇರೆ ಕಂಪನಿಯ ಮಾಮೂಲಿ ಮಷಿನ್‌ನಲ್ಲೇ ಮಾಡುತ್ತಿದ್ದರು. ಆ ಪ್ರಕರಣದಿಂದ ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೂ ಕೆಟ್ಟ ಹೆಸರು ಬಂತು.

ಲ್ಯಾಬಿನ ಕತೆ ಕೇಳಿ. ಚಿಕ್ಕ ಚಿನ್ನದ ಎಲೆಕ್ಟ್ರೋಡ್ ತೆಗೆದುಕೊಳ್ಳುತ್ತೇವೆ. ಅದನ್ನು ಉಜ್ಜಿ, ಆಸಿಡ್‌ನಲ್ಲಿ ತೊಳೆದು, ಗಂಧಕ ಇರುವ ಒಂದು ರಾಸಾಯನಿಕದಲ್ಲಿ ರಾತ್ರಿಯಿಡೀ ನೆನೆಸುತ್ತೇವೆ. ಗಂಧಕ ಚಿನ್ನವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಒಂದೇ ಅಣುವಿನಷ್ಟು ದಪ್ಪದ ಪದರ ಕೂರುತ್ತದೆ. ಬೆಳಿಗ್ಗೆ ಅದರ ಹೊರತುದಿಯನ್ನು ಇನ್ನೆರಡು ರಾಸಾಯನಿಕ ಹಾಕಿ ಚುರುಕು ಮಾಡಿ, ಮೇಲೆ ಆಂಟಿಬಾಡಿಯ ಹನಿ. ಹನಿ ಒಣಗಿದರೆ ಎಲ್ಲ ಹಾಳು, ಅದಕ್ಕೆ ಒದ್ದೆ ಟಿಶ್ಯೂ ಇಟ್ಟ ಡಬ್ಬಿಯಲ್ಲಿ ಮುಚ್ಚಿಡುತ್ತೇವೆ. ಉಳಿದ ಖಾಲಿ ಜಾಗಕ್ಕೆ ದನದ ಆಲ್ಬುಮಿನ್ ಸುರಿದು ತುಂಬಿಸುತ್ತೇವೆ, ಬೇರೆ ಪ್ರೋಟೀನು ಬಂದು ಕೂರದಿರಲಿ ಅಂತ. ಆಮೇಲೆ ಹಳದಿ ಬಣ್ಣದ ಫೆರಿ-ಫೆರೋ ಸಯನೈಡ್ ದ್ರಾವಣದಲ್ಲಿ ಮುಳುಗಿಸಿ ಅಳತೆ. ಪರದೆ ಮೇಲೆ ಅರ್ಧ ವೃತ್ತ ಬರುತ್ತದೆ. ಮಾರ್ಕರ್ ಬಂದು ಕೂತಷ್ಟೂ ಎಲೆಕ್ಟ್ರಾನ್‌ಗೆ ದಾರಿ ಕಟ್ಟುತ್ತದೆ, ಅರ್ಧ ವೃತ್ತ ದೊಡ್ಡದಾಗುತ್ತದೆ. ನೋಡಲಿಕ್ಕೆ ಬಹಳ ಚಂದ.

ಇದೆಲ್ಲ ಲ್ಯಾಬಿನಲ್ಲೇ ಕಲಸಿದ, ಉಪ್ಪುನೀರಿನಂಥ ಶುದ್ಧ ಬಫರ್‌ನಲ್ಲಿ. ನಿಜವಾದ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಹಾಕಿ ನೋಡಿ, ಚಿಪ್ ಮಕಾಡೆ ಮಲಗುತ್ತದೆ. ಮಾರ್ಕರ್ ಇಲ್ಲದ ಸೀರಮ್ಮಿಗೂ ಅರ್ಧ ವೃತ್ತ ದೊಡ್ಡದಾಗುತ್ತದೆ. ಸೋಮವಾರ ಮಾಡಿದ ಚಿಪ್ಪಿಗೂ ಶುಕ್ರವಾರ ಮಾಡಿದ ಚಿಪ್ಪಿಗೂ ತಾಳೆ ಬರುವುದಿಲ್ಲ, ಯಾಕೆಂದರೆ ಆಂಟಿಬಾಡಿ ಕೆಲವು ನೆಟ್ಟಗೆ, ಕೆಲವು ತಲೆಕೆಳಗಾಗಿ ಕೂತಿರುತ್ತವೆ. ಎಷ್ಟೋ ಪೇಪರ್‌ಗಳಲ್ಲಿ ಕೊನೆಗೊಂದು ಪ್ಯಾರಾ ‘ಸೀರಮ್ಮಿನಲ್ಲೂ ಪರೀಕ್ಷಿಸಿದೆವು’ ಅಂತ ಇರುತ್ತದೆ. ಬಿಡಿಸಿ ನೋಡಿದರೆ ಆರೋಗ್ಯವಂತರ ಸೀರಮ್ಮಿಗೆ ಮಾರ್ಕರನ್ನು ತಾವೇ ಬೆರೆಸಿರುತ್ತಾರೆ. ರೋಗಿಯ ರಕ್ತ ಅಲ್ಲ. ನನ್ನ ಗೈಡ್ ಈ ಎಳೆ ಓದದಿದ್ದರೆ ಸಾಕು.

ಲ್ಯಾಬ್ ಅಕ್ಕ

ನಾನು ಕಾರವಾರದಲ್ಲಿ ಲ್ಯಾಬ್ ಟೆಕ್ನಿಷಿಯನ್. ತಮ್ಮ ಚೆನ್ನಾಗಿ ಬಿಡಿಸಿ ಹೇಳಿದ್ದಾನೆ. ನಾನು ಒಂದು ಮಾತು ಸೇರಿಸುತ್ತೇನೆ: ಎಲೆಕ್ಟ್ರಾನಿಕ್ ಪರೀಕ್ಷೆ ಆಗಲೇ ಬಂದು ಬಹಳ ವರ್ಷವಾಗಿದೆ, ಚಿಪ್ ರೂಪದಲ್ಲಿ ಕಾಣುವುದಿಲ್ಲ ಅಷ್ಟೇ.

ಮಾಸ್ತರೇ, ನಿಮ್ಮ ವರದಿಯಲ್ಲಿ ಸಿಎ-125 ಸಂಖ್ಯೆಯ ಹತ್ತಿರ ಸಣ್ಣ ಅಕ್ಷರದಲ್ಲಿ ಇಸಿಎಲ್‌ಐಎ ಅಂತ ಇದ್ದರೆ ಅದು ಆಂಟಿಬಾಡಿ ಮತ್ತು ಎಲೆಕ್ಟ್ರೋಡಿನದ್ದೇ ಪರೀಕ್ಷೆ. ಒಂದು ಆಂಟಿಬಾಡಿಗೆ ರುಥೇನಿಯಂ ಅನ್ನುವ ಲೋಹದ ಗುರುತು ಇರುತ್ತದೆ. ಇನ್ನೊಂದರ ಮೂಲಕ ಸಣ್ಣ ಅಯಸ್ಕಾಂತದ ಮಣಿಗಳಿಗೆ ಎಲ್ಲ ಅಂಟುತ್ತದೆ. ಅಯಸ್ಕಾಂತ ಆ ಮಣಿಗಳನ್ನು ಎಲೆಕ್ಟ್ರೋಡಿನ ಮೇಲೆ ಎಳೆದು ಕೂರಿಸುತ್ತದೆ, ಬೇಡದ್ದನ್ನೆಲ್ಲ ತೊಳೆದು ಬಿಡುತ್ತಾರೆ, ವೋಲ್ಟೇಜ್ ಕೊಟ್ಟ ಕೂಡಲೇ ರುಥೇನಿಯಂ ಬೆಳಕು ಬಿಡುತ್ತದೆ. ಒಂದು ಪರೀಕ್ಷೆಗೆ 18 ನಿಮಿಷ. ತೊಳೆಯುವ ಕೆಲಸ ಇದೆಯಲ್ಲ, ಆ ಚಿಪ್ಪಿಗೂ ಈ ಮಷಿನ್‌ಗೂ ದೊಡ್ಡ ವ್ಯತ್ಯಾಸ ಅದೇ. ಸೀರಮ್ಮಿನ ಕಸ ಹೋದ ಮೇಲೆ ಅಳೆದರೆ ತಲೆನೋವು ಅರ್ಧ ಕಡಿಮೆ.

ಕೈಯಲ್ಲಿ ಹಿಡಿಯುವಂಥದ್ದೂ ಇಲ್ಲದಿಲ್ಲ. ಹಾರ್ಟ್ ಅಟ್ಯಾಕಿಗೆ ಟ್ರೊಪೋನಿನ್ ನೋಡುವ ಐ-ಸ್ಟಾಟ್ ಅನ್ನುವ ಚಿಕ್ಕ ಯಂತ್ರ 20 ವರ್ಷದಿಂದ ಇದೆ. ಕಾರ್ಟ್ರಿಜ್ ಒಳಗೇ ಎರಡು ಆಂಟಿಬಾಡಿ, ಕಿಣ್ವ, ಎಲೆಕ್ಟ್ರೋಡ್. 10 ನಿಮಿಷಕ್ಕೆ ಉತ್ತರ. ಕಾರ್ಟ್ರಿಜ್ ಮಾತ್ರ ಫ್ರಿಜ್ಜಿನಲ್ಲಿ ಇರಬೇಕು. ಹಾರ್ಟ್ ಅಟ್ಯಾಕಿಗೆ ನಿಮಿಷಗಳ ಲೆಕ್ಕ, ಅದಕ್ಕೇ ಅಷ್ಟು ದುಡ್ಡು ಸುರಿದು ಮಾಡಿದರು. ಕ್ಯಾನ್ಸರ್ ಮಾರ್ಕರಿಗೆ ಅಂಥ ಅವಸರ ಇಲ್ಲ, ಹಾಗಾಗಿ ಅಂಥ ದುಡ್ಡೂ ಹರಿಯಲಿಲ್ಲ.

ಕಾಳಿ ದಂಡೆ

ಅವಸರ ಇಲ್ಲ ಅಂದರೆ? ಅಕ್ಕಾ, ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಗಂಟಲು ಹರಿದುಕೊಂಡಿದ್ದೇವೆ. ಏನಾದರೂ ಆದರೆ ಗೋವಾ, ಮಣಿಪಾಲ, ಹುಬ್ಬಳ್ಳಿ. ಆಸ್ಪತ್ರೆ ಕೊಡುವುದಿಲ್ಲ, ಚಿಪ್ಪಾದರೂ ಕೊಡಲಿ. ಸಾವಿರ ಜನಕ್ಕೆ ಮಾಡಿ, ಒಬ್ಬರಿಗಾದರೂ ಮೊದಲೇ ಗೊತ್ತಾದರೆ ಒಳ್ಳೆಯದೇ ಅಲ್ವಾ? ಸ್ವಲ್ಪ ಹೆಚ್ಚುಕಮ್ಮಿ ಇದ್ದರೇನಂತೆ?

ಘಟ್ಟದ ಡಾಕ್ಟರ್

ಜೋಯಿಡಾ ಕಡೆ ಪಿಎಚ್‌ಸಿಯಲ್ಲಿ ಇದ್ದೇನೆ. ಕಾಳಿ ದಂಡೆಯವರ ಸಿಟ್ಟು ನನಗೂ ಇದೆ. ಆದರೆ ‘ಸ್ವಲ್ಪ ಹೆಚ್ಚುಕಮ್ಮಿ’ ಎಷ್ಟಾಗುತ್ತದೆ ಅಂತ ನೋಡೋಣ.

ಸುಮ್ನೆ ಒಂದು ಲೆಕ್ಕ ಹಿಡಿಯಿರಿ. ಏನೂ ತೊಂದರೆ ಇಲ್ಲದ 10,000 ಹೆಂಗಸರಿಗೆ ಪರೀಕ್ಷೆ ಮಾಡುತ್ತೇವೆ. ಅವರಲ್ಲಿ 5 ಜನಕ್ಕೆ ಅಂಡಾಶಯದ ಕ್ಯಾನ್ಸರ್ ಇದೆ ಅಂತಿಟ್ಟುಕೊಳ್ಳಿ. ಚಿಪ್ ಬಹಳ ಒಳ್ಳೆಯದು, ಆ 5 ಜನರನ್ನೂ ಹಿಡಿಯಿತು. ಕ್ಯಾನ್ಸರ್ ಇಲ್ಲದವರಲ್ಲಿ 100ಕ್ಕೆ 95 ಜನರಿಗೆ ಸರಿಯಾಗಿ ‘ಇಲ್ಲ’ ಅಂದಿತು. ಆದರೂ ಸುಮಾರು 500 ಜನಕ್ಕೆ ಸುಳ್ಳು ಗಂಟೆ ಬಾರಿಸಿತು. 505 ಮಂದಿ ಮಣಿಪಾಲದ ಬಸ್ಸು ಹತ್ತುತ್ತಾರೆ. ಸ್ಕ್ಯಾನು, ಮತ್ತೆ ಸ್ಕ್ಯಾನು, ಕೆಲವರಿಗೆ ಹೊಟ್ಟೆ ಕೊಯ್ದೂ ನೋಡುತ್ತಾರೆ. ಅದಕ್ಕೆ ಎಮ್ಮೆ ಮಾರಿದವರನ್ನು ನಾನು ನೋಡಿದ್ದೇನೆ.

ಇದು ಚಿಪ್ಪಿನ ತಪ್ಪಲ್ಲ. ಸಿಎ-125 ಮುಟ್ಟಿನ ದಿನಗಳಲ್ಲಿ ಏರುತ್ತದೆ, ಗರ್ಭಿಣಿಯರಲ್ಲಿ ಏರುತ್ತದೆ, ಗರ್ಭಕೋಶದ ಒಳಪದರ ಹೊರಗೂ ಬೆಳೆಯುವ ಎಂಡೋಮೆಟ್ರಿಯೋಸಿಸ್‌ನಲ್ಲಿ, ಲಿವರ್ ಕಾಯಿಲೆಯಲ್ಲಿ ಏರುತ್ತದೆ. ಹೊಟ್ಟೆಯ ಟಿಬಿಯಲ್ಲಂತೂ ಕ್ಯಾನ್ಸರಿನಷ್ಟೇ ಏರಬಹುದು, ನಮ್ಮ ದೇಶದಲ್ಲಿ ಟಿಬಿಗೆ ಬರವಿಲ್ಲ. ಪಿಎಸ್‌ಎ ವಯಸ್ಸಾದವರ ಸಾಧಾರಣ ಪ್ರಾಸ್ಟೇಟ್ ಊತಕ್ಕೂ ಸೋಂಕಿಗೂ ಏರುತ್ತದೆ. ಸಿಇಎ ಬೀಡಿ ಸೇದುವವರಲ್ಲಿ ಮೊದಲೇ ಸ್ವಲ್ಪ ಜಾಸ್ತಿ. ನೀವು ಎಷ್ಟೇ ಸೂಕ್ಷ್ಮವಾಗಿ ಅಳೆಯಿರಿ, ಆ ಪ್ರೋಟೀನು ಎಲ್ಲಿಂದ ಬಂತು ಅಂತ ಆಂಟಿಬಾಡಿ ಹೇಳುವುದಿಲ್ಲ.

ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಇದನ್ನೇ ನೋಡಿದರು. ಒಂದು ಗುಂಪಿಗೆ ಪ್ರತಿ ವರ್ಷ ಸಿಎ-125, ಅದು ಹೇಗೆ ಏರುತ್ತಿದೆ ಅನ್ನುವ ಲೆಕ್ಕದ ಜೊತೆಗೆ. ಯುಕೆಸಿಟಾಕ್ಸ್ ಅಂತ ಆ ಅಧ್ಯಯನದ ಹೆಸರು, ಕೊನೆಯ ಫಲಿತಾಂಶ 2021ರಲ್ಲಿ ಬಂತು. ಮೊದಲ ಹಂತದಲ್ಲೇ ಸಿಕ್ಕ ಕ್ಯಾನ್ಸರ್‌ಗಳು ಜಾಸ್ತಿ ಆದವು. ಸಾವು ಮಾತ್ರ ಕಡಿಮೆ ಆಗಲಿಲ್ಲ. ವಿಡಿಯೋ ಮಾಡಿದವರು ಈ ಒಂದು ಸಾಲನ್ನು ಹೇಳಿದ್ದರೆ ಸಾಕಿತ್ತು.

ತೋಟದ ಕಡೆಯವ

ಹಾಗಾದರೆ ಡಾಕ್ಟರೇ, ಮೊದಲೇ ಹಿಡಿಯುವುದೇ ದಂಡ ಅಂತಲಾ?

ಘಟ್ಟದ ಡಾಕ್ಟರ್

ಅಲ್ಲವೇ ಅಲ್ಲ. ಯಾವುದನ್ನು, ಯಾವುದರಿಂದ ಅನ್ನುವುದು ಮುಖ್ಯ. ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ತಂಬಾಕು ಅಥವಾ ಸಾರಾಯಿ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34 ಪರ್ಸೆಂಟ್ ಕಡಿಮೆ ಆಯಿತು. ಅದು ಬಂದದ್ದು 2005ರ ಲ್ಯಾನ್ಸೆಟ್‌ನಲ್ಲಿ. ಮುಂಬೈಯಲ್ಲಿ ವಿನೆಗರ್ ಹಚ್ಚಿ ಗರ್ಭಕೊರಳು ನೋಡುವ ಪರೀಕ್ಷೆಯಿಂದ ಸಾವು 31 ಪರ್ಸೆಂಟ್ ಇಳಿಯಿತು. ಟಾರ್ಚು ಮತ್ತು ವಿನೆಗರ್! 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ದುಡ್ಡಿಲ್ಲದೆ. ಆಶಾ ಕಾರ್ಯಕರ್ತೆಯರು ಫಾರ್ಮು ತುಂಬಿಸಿ ಕಳಿಸುತ್ತಾರೆ. ಬರುವವರೇ ಇಲ್ಲ. ಪ್ಯಾಕೇಜಿಗೆ ದುಡ್ಡು ಕೊಟ್ಟು ಕ್ಯೂ ನಿಲ್ಲುತ್ತಾರೆ, ಇದಕ್ಕೆ ‘ನಮಗೇನಾಗಿದೆ’ ಅನ್ನುತ್ತಾರೆ.

ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಒಟ್ಟಿಗೆ ಬಾಯೊಳಗೆ ಹೋಗದಿರುವುದು. ಇವು ಕಂಡರೆ ಬನ್ನಿ. ಕವಳ (ಎಲೆಅಡಿಕೆ) ಹಾಕುವವರು ಕಡ್ಡಾಯ.

ತೋಟದ ಕಡೆಯವ

ಬಂತು ನೋಡಿ, ಕೊನೆಗೆ ಅಡಿಕೆಯ ಬುಡಕ್ಕೇ. ಗುಟ್ಕಾದವರು ತಂಬಾಕು ಬೆರೆಸಿ ಮಾಡಿದ ಅನಾಚಾರಕ್ಕೆ ಕವಳಕ್ಕೆ ಯಾಕೆ ಬೈಗುಳ? ನಮ್ಮ ಅಜ್ಜ ಸಾಯುವ ತನಕ ಕವಳ ಹಾಕಿದವ.

ಘಟ್ಟದ ಡಾಕ್ಟರ್

ನಮ್ಮನೆಯಲ್ಲೂ ತೋಟ ಇದೆ ಮಾರಾಯ್ರೆ, ರಾಶಿ ಅಡಿಕೆ ಮಾರಿದ ದುಡ್ಡಿನಲ್ಲೇ ನಾನು ಓದಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಮೊದಲ ಗುಂಪಿಗೆ ಸೇರಿಸಿದೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಸಾಕಷ್ಟು ಆಧಾರ ಇದೆ ಅಂತ. ತಂಬಾಕು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಎಲ್ಲರಿಗೂ ಬರುತ್ತದೆ ಅಂತ ಯಾರೂ ಹೇಳಿಲ್ಲ, ನಿಮ್ಮ ಅಜ್ಜನಿಗೆ ಬರಲಿಲ್ಲ, ಸಂತೋಷ.

ನಿರ್ವಾಹಕ

ಅಡಿಕೆ ದರ, ಆಮದು, ಕೋರ್ಟಿನ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಸೆನ್ಸರ್ ಮಾತ್ರ.

ಶಿರಸಿ ಸರ್ಕ್ಯೂಟ್

ಸೆನ್ಸರಿಗೇ ತರುತ್ತೇನೆ. ಬಾಯಿ ಕ್ಯಾನ್ಸರಿಗೆ ಸೂಜಿಯೇ ಬೇಡ, ಜೊಲ್ಲು ಸಾಕು ಅಂತ ಒಂದು ದಾರಿ ಇದೆ. ಸೈಫ್ರಾ 21-1 ಅನ್ನುವ ಪ್ರೋಟೀನನ್ನು ಜೊಲ್ಲಿನಲ್ಲಿ ಹಿಡಿಯುವ ಆಂಟಿಬಾಡಿ ಸೆನ್ಸರ್‌ಗಳನ್ನು ದಿಲ್ಲಿಯಲ್ಲಿ ಬನ್ಸಿ ಧರ್ ಮಲ್ಹೋತ್ರಾ ಅವರ ತಂಡ ಜಿರ್ಕೋನಿಯಾ ನ್ಯಾನೋಕಣ ಬಳಸಿ ಮಾಡಿದೆ. ಜೊಲ್ಲಿನಲ್ಲಿ ರಕ್ತದಷ್ಟು ಪ್ರೋಟೀನಿನ ಗಲಾಟೆ ಇಲ್ಲ, ಉಪ್ಪೂ ಕಡಿಮೆ. ನನಗೆ ಈ ದಾರಿ ಬಹಳ ಇಷ್ಟ.

ಆದರೆ ನಮ್ಮೂರಿನವನಾಗಿ ಒಂದು ತಕರಾರು. ಪರೀಕ್ಷೆ ಯಾರಿಗೆ ಬೇಕೋ ಅವರ ಬಾಯಲ್ಲೇ ಕವಳ ಇರುತ್ತದೆ. ಅಡಿಕೆಯಲ್ಲಿ ಟ್ಯಾನಿನ್, ಕ್ಯಾಟೆಚಿನ್ ಧಾರಾಳ. ಟ್ಯಾನಿನ್ ಪ್ರೋಟೀನನ್ನು ಹಿಡಿದು ಗರಣೆ ಕಟ್ಟಿಸುತ್ತದೆ. ಕ್ಯಾಟೆಚಿನ್ ಎಲೆಕ್ಟ್ರೋಡಿನ ಮೇಲೆ ತಾನೇ ಕರೆಂಟು ಕೊಡುತ್ತದೆ. ಜೊತೆಗೆ ಸುಣ್ಣ, ಪಿಎಚ್ ಏರುಪೇರು. ಬಾಯಿ ತೊಳೆಸಿ ಅರ್ಧ ಗಂಟೆ ಕೂರಿಸಿದರೆ ಎಷ್ಟು ಹೋಗುತ್ತದೆ? ಇದನ್ನು ಅಳೆಯಲಿಕ್ಕೆ ಶಿರಸಿಗಿಂತ ಒಳ್ಳೇ ಜಾಗ ಇಲ್ಲ. ಊರಿಗೆ ಬಂದಾಗ ನಾಲ್ಕು ಜನರ ಹತ್ತಿರ ಜೊಲ್ಲು ಕೇಳಬೇಕು ಅಂತಿದ್ದೇನೆ, ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ. ತೋಟದ ಕಡೆಯವರೇ, ಮೊದಲ ಬಾಟಲಿ ನಿಮ್ಮದೇ.

ತೋಟದ ಕಡೆಯವ

ಬಾ ತಮ್ಮಾ, ಎಷ್ಟು ಲೀಟರ್ ಬೇಕು?

ಕುಮಟಾ ಮಾಸ್ತರು

ಎಲ್ಲರಿಗೂ ಧನ್ಯವಾದ. ಡಾಕ್ಟರರ ಲೆಕ್ಕ ತಲೆಗೆ ಹೋಯಿತು. ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಉಳಿಯಿತು. ನಾದಿನಿಗೆ ಕ್ಯಾನ್ಸರ್ ಇತ್ತು ಅಂತ ಗೊತ್ತೇ ಇದೆ. ಅವಳಿಗೆ ಬೇಕಾದ್ದು ಅದು ಮರಳಿ ಬಂತೋ ಇಲ್ಲವೋ ಅಂತ. ಅಲ್ಲಿ ಸುಳ್ಳು ಗಂಟೆಯ ಲೆಕ್ಕ ಬೇರೆ ಅಲ್ವಾ?

ಹೋದ ಸಲ ಮಣಿಪಾಲಕ್ಕೆ ಹೋಗಲಾಗದೆ ಇಲ್ಲೇ ಒಂದು ಕಲೆಕ್ಷನ್ ಸೆಂಟರಿನಲ್ಲಿ ರಕ್ತ ಕೊಟ್ಟಳು. ಅದಕ್ಕೆ ಮುಂಚೆ 22 ಇದ್ದದ್ದು 39 ಬಂತು. ಗಡಿ 35 ಅಂತೆ. ಮನೆಯಲ್ಲಿ ಎರಡು ದಿನ ಒಲೆ ಹೊತ್ತಲಿಲ್ಲ ಅನ್ನಬೇಕು. ಮಣಿಪಾಲಕ್ಕೆ ಓಡಿ ಮತ್ತೆ ಮಾಡಿಸಿದರೆ 24. ಇದು ಯಾರ ತಪ್ಪು?

ಲ್ಯಾಬ್ ಅಕ್ಕ

ಬಹುಶಃ ಯಾರ ತಪ್ಪೂ ಅಲ್ಲ ಮಾಸ್ತರೇ. ಎರಡು ಕಡೆ ಮಷಿನ್ ಬೇರೆ, ಆಂಟಿಬಾಡಿ ಬೇರೆ. ಸಿಎ-125 ಒಂದು ದೊಡ್ಡ, ಸಕ್ಕರೆ ಸರಪಳಿ ಹೊತ್ತ ಪ್ರೋಟೀನು. ಒಬ್ಬರ ಆಂಟಿಬಾಡಿ ಅದರ ಒಂದು ಜಾಗ ಹಿಡಿದರೆ, ಇನ್ನೊಬ್ಬರದ್ದು ಬೇರೆ ಜಾಗ ಹಿಡಿಯುತ್ತದೆ. ಅದೇ ರಕ್ತಕ್ಕೆ ಸಂಖ್ಯೆ ಬೇರೆ ಬರುವುದು ಸಹಜ. ಅದಕ್ಕೇ ನಾವು ಹೇಳುವುದು, ಶುರು ಮಾಡಿದ ಲ್ಯಾಬಿನಲ್ಲೇ, ಅದೇ ವಿಧಾನದಲ್ಲೇ ಮುಂದುವರಿಸಿ. ಬದಲಿಸುವುದೇ ಆದರೆ ಒಂದು ಸಲ ಎರಡೂ ಕಡೆ ಒಟ್ಟಿಗೆ ಮಾಡಿಸಿ, ಹೊಸ ಕಡೆಯ ಸಂಖ್ಯೆಯನ್ನು ಹೊಸ ಬುನಾದಿ ಅಂತ ಇಟ್ಟುಕೊಳ್ಳಿ. ಡಾಕ್ಟರಿಗೂ ತಿಳಿಸಿ.

ಇನ್ನೊಂದು, ಯಾರೂ ಕೇಳುವುದಿಲ್ಲ ಅಂತ ಹೇಳುತ್ತೇನೆ. ಕಿಮೋ ಆದ ಮೇಲೆ ಕೂದಲು ಬೇಗ ಬರಲಿ ಅಂತ ಬಯೋಟಿನ್ ಮಾತ್ರೆ ನುಂಗುತ್ತಾರಲ್ಲ, ಅದು ಕೆಲವು ಮಷಿನ್‌ಗಳ ಆಂಟಿಬಾಡಿ ಪರೀಕ್ಷೆಗೆ ಅಡ್ಡ ಬರುತ್ತದೆ. ಸಿಎ-125ರಂತೆ ಎರಡು ಆಂಟಿಬಾಡಿ ಬಳಸುವ ಪರೀಕ್ಷೆಯಲ್ಲಿ ಸಂಖ್ಯೆ ಸುಳ್ಳಾಗಿ ಕಡಿಮೆ ತೋರಿಸುತ್ತದೆ, ಅದು ಇನ್ನೂ ಅಪಾಯ. ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವಾಗ ಏನೇನು ಮಾತ್ರೆ ತಗೊಳ್ಳುತ್ತೀರಿ ಅಂತ ಹೇಳಲೇಬೇಕು.

ಶಿರಸಿ ಸರ್ಕ್ಯೂಟ್

ಮಾಸ್ತರು ಹಿಡಿದದ್ದು ಸರಿಯಾದ ಎಳೆ. ನಾನು ದಿನಾ ಇದರ ಮೇಲೆ ಕೆಲಸ ಮಾಡುವವ, ನನ್ನ ಅಭಿಪ್ರಾಯವೂ ಅದೇ: ಈ ಚಿಪ್ಪಿಗೆ ಜಾಗ ಇರುವುದು ಶಿಬಿರದಲ್ಲಿ ಅಲ್ಲ, ಚಿಕಿತ್ಸೆ ಆದವರ ಫಾಲೋಅಪ್‌ನಲ್ಲಿ. ಒಬ್ಬರೇ ರೋಗಿ, ಒಂದೇ ಮಾರ್ಕರ್, ಅವರದೇ ಹಿಂದಿನ ಸಂಖ್ಯೆಯ ಜೊತೆ ಹೋಲಿಕೆ. ಗಡಿ ಎಷ್ಟು ಅನ್ನುವುದಕ್ಕಿಂತ ಏರುತ್ತಿದೆಯೋ ಇಲ್ಲವೋ ಅನ್ನುವುದು ಮುಖ್ಯ. ಕರುಳಿನ ಕ್ಯಾನ್ಸರ್ ಆಪರೇಷನ್ ಆದವರಿಗೆ ಸಿಇಎ ನೋಡುವುದೂ ಹೀಗೇ, ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ.

ಆದರೆ ಅದಕ್ಕೆ ಬೇಕಾದ್ದು ಅತಿ ಸೂಕ್ಷ್ಮತೆ ಅಲ್ಲ. ನಮ್ಮ ಕ್ಷೇತ್ರದಲ್ಲಿ ಎಲ್ಲರೂ ‘ಇನ್ನೂ ಸಾವಿರ ಪಟ್ಟು ಕಡಿಮೆ ಹಿಡಿದೆವು’ ಅಂತ ಪೈಪೋಟಿ ಮಾಡುತ್ತಾರೆ. ಸಿಎ-125ಕ್ಕೆ 35ರ ಆಸುಪಾಸನ್ನು ನೆಟ್ಟಗೆ ಹೇಳಿದರೆ ಸಾಕು. ಈ ತಿಂಗಳ ಚಿಪ್ಪೂ ಮುಂದಿನ ಮಳೆಗಾಲದ ಚಿಪ್ಪೂ ಒಂದೇ ಉತ್ತರ ಕೊಡಬೇಕು, ಅದು ಕಷ್ಟ. ಅದರ ಮೇಲೆ ಪೇಪರ್ ಬರೆದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಕಾಳಿ ದಂಡೆ

ಮಳೆಗಾಲ ಅಂದಿಯಲ್ಲ, ಅದೇ ನನ್ನ ಪ್ರಶ್ನೆ. ಇಲ್ಲಿ ಜೂನ್ ಬಂದರೆ ಮೀಟರ್ ಬೋರ್ಡಿಗೆ ಬೂಷ್ಟು ಹಿಡಿಯುತ್ತದೆ. ಶುಗರ್ ಸ್ಟ್ರಿಪ್ ಡಬ್ಬಿ ಮುಚ್ಚಳ ಸರಿ ಹಾಕದಿದ್ದರೆ ಎರರ್ ಬರುತ್ತದೆ. ಆಂಟಿಬಾಡಿ ಚಿಪ್ ತಡೆದೀತಾ?

ಶಿರಸಿ ಸರ್ಕ್ಯೂಟ್

ಆಂಟಿಬಾಡಿಯನ್ನು ಸಕ್ಕರೆಯಂಥ ವಸ್ತುವಿನ ಜೊತೆ ಒಣಗಿಸಿ, ತೇವ ಹೀರುವ ಪುಡಿ ಇಟ್ಟು ಒಂದೊಂದೇ ಫಾಯಿಲ್ ಪೊಟ್ಟಣದಲ್ಲಿ ಮುಚ್ಚಿದರೆ ತಡೆಯುತ್ತದೆ, ಪ್ರೆಗ್ನೆನ್ಸಿ ಕಾರ್ಡು ತಡೆಯುವುದೂ ಹೀಗೆಯೇ. ಆದರೆ ಅದು ಇದೆ-ಇಲ್ಲ ಅಂತ ಹೇಳಿದರೆ ಮುಗಿಯಿತು. ಇಲ್ಲಿ ಸಂಖ್ಯೆ ಬೇಕು. ಆಂಟಿಬಾಡಿಯಲ್ಲಿ ಹತ್ತಕ್ಕೆ ಎರಡು ಸತ್ತರೂ ಸಂಖ್ಯೆ ಇಳಿಯುತ್ತದೆ. ಹಾಗಾಗಿ ಚಿಪ್ಪಿನ ಮೇಲೆ ಪಕ್ಕದಲ್ಲೇ ಇನ್ನೊಂದು ಎಲೆಕ್ಟ್ರೋಡ್ ಇಟ್ಟು, ಗೊತ್ತಿರುವ ಪ್ರಮಾಣದ ಮಾರ್ಕರ್ ಜೊತೆ ಹೋಲಿಸಬೇಕು. ಮತ್ತೊಂದಕ್ಕೆ ಆಂಟಿಬಾಡಿಯೇ ಇರಬಾರದು, ಕಸ ಎಷ್ಟು ಅಂಟಿತು ಅಂತ ನೋಡಲಿಕ್ಕೆ. ಇಷ್ಟು ಮಾಡಿದರೆ ಬೆಲೆ ಏರುತ್ತದೆ.

ಲ್ಯಾಬ್ ಅಕ್ಕ

ಬೆಲೆ ಅಂದದ್ದಕ್ಕೆ ಹೇಳುತ್ತೇನೆ. ಸಣ್ಣ ಊರಿನಲ್ಲಿ ಸಿಎ-125 ಮಾಡದಿರುವುದಕ್ಕೆ ಕಾರಣ ಮಷಿನ್ ಇಲ್ಲ ಅಂತ ಮಾತ್ರ ಅಲ್ಲ. ತಿಂಗಳಿಗೆ ನಾಲ್ಕು ಸ್ಯಾಂಪಲ್ ಬಂದರೆ ಕಿಟ್ ತೆರೆದು, ಕ್ಯಾಲಿಬ್ರೇಷನ್ ಮಾಡಿ, ಕಂಟ್ರೋಲ್ ಓಡಿಸಿದರೆ ಉಳಿದ ರೀಏಜೆಂಟ್ ಅವಧಿ ಮುಗಿದು ಚರಂಡಿಗೆ. ಒಂದು ಪರೀಕ್ಷೆಗೆ ಒಂದೇ ಪೊಟ್ಟಣ ಒಡೆಯುವಂಥ ಚಿಪ್ ಬಂದರೆ ಆ ನಷ್ಟ ತಪ್ಪುತ್ತದೆ. ಅಷ್ಟರ ಮಟ್ಟಿಗೆ ನನಗೂ ಅದರ ಮೇಲೆ ಕಣ್ಣಿದೆ.

ಕುಮಟಾ ಮಾಸ್ತರು

ಶಿಬಿರದವರಿಗೆ ಫೋನ್ ಮಾಡಿದೆ. ಪರೀಕ್ಷೆ ಯಾವ ವಿಧಾನದ್ದು ಅಂತ ಕೇಳಿದರೆ ‘ಫುಲ್ ಆಟೋಮ್ಯಾಟಿಕ್ ಸರ್’ ಅಂದರು. ಸಂಖ್ಯೆ ಜಾಸ್ತಿ ಬಂದರೆ ಮುಂದೇನು ಅಂದರೆ ‘ನಿಮ್ಮ ಡಾಕ್ಟರನ್ನು ನೋಡಿ’ ಅಂದರು. ಗಂಡಹೆಂಡತಿ ಇಬ್ಬರೂ ಬಂದರೆ ರಿಯಾಯಿತಿ ಇದೆಯಂತೆ. ನಾವು ಹೋಗುವುದಿಲ್ಲ. ಆದರೆ ಹೆಂಡತಿಗೆ ಸಮಾಧಾನ ಆಗಿಲ್ಲ, ಹೆದರಿಕೆ ಹಾಗೇ ಇದೆ.

ಘಟ್ಟದ ಡಾಕ್ಟರ್

ಅವರ ಹೆದರಿಕೆ ಸುಳ್ಳಲ್ಲ ಮಾಸ್ತರೇ. ನಿಮ್ಮ ಮೊದಲ ಬರಹ ಓದಿದಾಗಲೇ ಹೇಳಬೇಕಿತ್ತು. ಒಡಹುಟ್ಟಿದ ತಂಗಿಗೆ ಅಂಡಾಶಯದ ಕ್ಯಾನ್ಸರ್ ಆಗಿದೆ ಅಂದರೆ ನಿಮ್ಮ ಮನೆಯವರು ನಾನು ಲೆಕ್ಕ ಹಾಕಿದ ಆ 10,000 ಸಾಮಾನ್ಯ ಹೆಂಗಸರ ಪೈಕಿ ಅಲ್ಲ. ಅವರ ಅಪಾಯ ಸ್ವಲ್ಪ ಜಾಸ್ತಿ. ಅದಕ್ಕೆ ಕೇಳಬೇಕಾದ್ದು ಸಿಎ-125 ಅಲ್ಲ, ಬಿಆರ್‌ಸಿಎ ಅನ್ನುವ ಜೀನಿನ ಪರೀಕ್ಷೆ. ಅದರಲ್ಲಿ ದೋಷ ಇದ್ದರೆ ಅಂಡಾಶಯದ, ಸ್ತನದ ಕ್ಯಾನ್ಸರಿನ ಅಪಾಯ ಏರುತ್ತದೆ, ಆ ದೋಷ ಮನೆತನದಲ್ಲಿ ಇಳಿದು ಬರಬಹುದು. ಮೊದಲು ಮಾಡಿಸಬೇಕಾದ್ದು ನಾದಿನಿಗೆ. ಅವರಿಗೆ ಆಗಲೇ ಆಗಿದೆಯೋ ಏನೋ, ಮಣಿಪಾಲದ ಫೈಲಿನಲ್ಲಿ ನೋಡಿ. ಆಗಿರದಿದ್ದರೆ ಮುಂದಿನ ಸಲ ಹೋದಾಗ ಕ್ಯಾನ್ಸರ್ ಡಾಕ್ಟರ ಹತ್ತಿರ ಕೇಳಿ. ಅವರಲ್ಲಿ ಜೀನಿನ ದೋಷ ಸಿಕ್ಕಿದರೆ ಆಗ ನಿಮ್ಮ ಮನೆಯವರಿಗೆ, ನಿಮ್ಮ ಮಗಳಿದ್ದರೆ ಅವಳಿಗೆ, ಆ ಒಂದೇ ದೋಷ ಇದೆಯಾ ಅಂತ ನೋಡಿದರೆ ಆಯಿತು. ತಾಯಿಯ ಕಡೆ, ತಂದೆಯ ಕಡೆ ಯಾರಿಗಾದರೂ ಸ್ತನದ ಕ್ಯಾನ್ಸರ್ ಆಗಿತ್ತಾ ಅಂತ ಇಬ್ಬರೂ ಕೂತು ನೆನಪು ಮಾಡಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅದನ್ನೇ ಮೊದಲು ಕೇಳುತ್ತಾರೆ.

ಕುಮಟಾ ಮಾಸ್ತರು

ಫೈಲು ತೆಗೆಸಿದೆ. ಆ ಪರೀಕ್ಷೆಯ ಹೆಸರು ಎಲ್ಲೂ ಇಲ್ಲ. ಮುಂದಿನ ತಿಂಗಳ ಭೇಟಿಗೆ ಈ ಸಲ ಅಕ್ಕತಂಗಿ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ಮಾತ್ರೆ ಡಬ್ಬಿಯನ್ನೂ ನೋಡಿದೆ ಲ್ಯಾಬ್ ಅಕ್ಕ, ನೀವು ಹೇಳಿದ ಕೂದಲಿನ ಮಾತ್ರೆ ಅದರಲ್ಲಿದೆ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು?

ಲ್ಯಾಬ್ ಅಕ್ಕ

ಡಬ್ಬಿಯ ಮೇಲೆ ಬಯೋಟಿನ್ ಎಷ್ಟು ಮಿಲಿಗ್ರಾಮ್ ಅಂತ ಇದೆ, ಅದರ ಫೋಟೋ ತೆಗೆದುಕೊಂಡು ಹೋಗಿ. ಎಷ್ಟು ದಿನ ಅನ್ನುವುದು ಆ ಪ್ರಮಾಣದ ಮೇಲೆ, ಅಲ್ಲಿಯ ಮಷಿನ್ ಮೇಲೆ ಹೋಗುತ್ತದೆ. ಭೇಟಿಯ ಹಿಂದಿನ ವಾರವೇ ಅಲ್ಲಿಯ ಲ್ಯಾಬಿಗೆ ಫೋನ್ ಮಾಡಿ ಕೇಳಿ, ಅವರು ಹೇಳುತ್ತಾರೆ.